ಚಿಕ್ಕಪ್ಪನ ರಜೆ

ಹೋದ ವಾರ ಮೈಸೂರಿನಿಂದ ಗುಂಡ್ಲುಪೇಟೆಗೆ ಬರುವಾಗ, ಬೇಗೂರು ದಾಟುತ್ತಿದ್ದಂತೆ ಅರಿಶಿನ ಬೇಯಿಸುವ ವಾಸನೆ ಬಸ್ಸಿನೊಳಗೆ ನುಗ್ಗಿತು. ಹೊಗೆ, ಹಸಿ ಮಣ್ಣು, ಬೆಂದ ಗೆಡ್ಡೆ ಎಲ್ಲ ಬೆರೆತ ಘಾಟು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, ಕಿಟಕಿ ಮುಚ್ಚಿ ಎಂದಳು. ಮುಚ್ಚಿದೆ. ಆದರೆ ಅಷ್ಟರಲ್ಲಿ ಚಿಕ್ಕಪ್ಪ ಬಂದು ಎದುರಿಗೆ ನಿಂತಾಗಿತ್ತು. ಅವನ ಅಂಗಿಯಲ್ಲೂ ಇದೇ ಅರಿಶಿನದ ಘಾಟು ಇರುತ್ತಿತ್ತು...

ಚಿಕ್ಕಪ್ಪ ಅಪ್ಪನ ಕೊನೆಯ ತಮ್ಮ. ವಯಸ್ಸಾದಷ್ಟು ಬುದ್ಧಿ ಬೆಳೆದಿರಲಿಲ್ಲ. ಹರದನಹಳ್ಳಿಯ ನಮ್ಮ ಮನೆಯ ಜಗುಲಿ ಮೇಲೆ ಕಂಬಕ್ಕೆ ಒರಗಿ ಕೂರುವುದೇ ಅವನ ದಿನಚರಿ. ತಲೆ ನರೆತರೂ ಊರವರಿಗೆ ಅವನು ‘ಮಗ’ನೇ. ಬಿಂದಿಗೆ ಎತ್ತಲು ಬಂದರೆ ಅಜ್ಜಿ, “ಬುಡು ಮಗಾ, ನಿನ್ ಕೈಲಾಗಲ್ಲ, ಓಗಿ ಕೂತ್ಕೋ” ಎನ್ನುತ್ತಿದ್ದಳು. ಅಮ್ಮನೂ ಹಾಗೇ ಅನ್ನುತ್ತಿದ್ದಳು. ನಾನೂ ಎಷ್ಟೋ ಸಲ ಅಂದಿದ್ದೇನೆ. ಅದನ್ನು ನಾವು ಪ್ರೀತಿ ಎಂದುಕೊಂಡಿದ್ದೆವು.

ಅಜ್ಜಿ ತೀರಿಕೊಂಡ ಮೇಲೆ ಕಷ್ಟವಾಯಿತು. ಅಮ್ಮನಿಗೆ ಸೊಂಟನೋವು, ಅಪ್ಪ ಹೊಲದಲ್ಲಿ. ಅವನನ್ನು ನೋಡಿಕೊಳ್ಳುವವರಿಲ್ಲ. ಅಷ್ಟರಲ್ಲಿ ನಾನು ಮದುವೆಯಾಗಿ ಗುಂಡ್ಲುಪೇಟೆ ಸೇರಿದ್ದೆ. ಪಟ್ಟಣದ ಹೊರಗೆ ಚಿಕ್ಕಪ್ಪನಂಥವರೇ ಇರುವ ಒಂದು ವಸತಿ ಕೇಂದ್ರವಿತ್ತು. ಊಟ, ವಸತಿಯ ಜೊತೆಗೆ ಹಗಲು ಹೊತ್ತಿಗೆ ಒಂದು ಕೆಲಸವನ್ನೂ ಕಲಿಸುತ್ತಿದ್ದರು. ಅಪ್ಪನನ್ನು ಒಪ್ಪಿಸಿ ನಾನೇ ಸೇರಿಸಿ ಬಂದೆ. ಅವತ್ತು ಚಿಕ್ಕಪ್ಪ ಗೇಟಿನ ಸರಳು ಹಿಡಿದು ಅತ್ತ. ಮನೆಗೆ ಬಂದು ನಾನೂ ಅತ್ತೆ.

ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ನಾನು ನೋಡಿದ ಚಿಕ್ಕಪ್ಪನೇ ಬೇರೆ. ಕೇಂದ್ರದ ಹಿಂಭಾಗದ ಶೆಡ್ಡಿನಲ್ಲಿ ಅರಿಶಿನ ಪುಡಿಯ ಪ್ಯಾಕಿಂಗ್ ನಡೆಯುತ್ತಿತ್ತು. ಪುಣಜನೂರಿನ ಕಡೆಯಿಂದ ಬಂದು ಕೇಂದ್ರದಲ್ಲೇ ಇದ್ದ ಒಬ್ಬ ಹಿರಿಯ ಪುಡಿ ತೂಗಿ ಕವರಿಗೆ ತುಂಬುತ್ತಿದ್ದ. ಎಲ್ಲರೂ ಅವನನ್ನು ತೂಕದಣ್ಣ ಎನ್ನುತ್ತಿದ್ದರು. ಅವನು ಕೊಟ್ಟ ಕವರನ್ನು ಚಿಕ್ಕಪ್ಪ ಮಿಷನ್ನಿಗೆ ಹಿಡಿದು ಒತ್ತಿ, ಸೀಲ್ ಸರಿಯಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಪಕ್ಕದಲ್ಲಿ ಚೀಟಿ ಅಂಟಿಸುವ ಹೆಂಗಸಿಗೆ ದಾಟಿಸುತ್ತಿದ್ದ. ತಲೆಗೊಂದು ಬಟ್ಟೆ ಟೋಪಿ. ಮುಖದ ತುಂಬ ಹಳದಿ ಧೂಳು.

“ಚಿಕ್ಕಪ್ಪಾ, ಬಾ, ಬಾಳೆಹಣ್ಣು ತಂದಿದ್ದೀನಿ” ಎಂದೆ.

“ಇರಮ್ಮಿ, ಕೆಲ್ಸ ಅದೆ” ಎಂದ, ತಲೆ ಎತ್ತದೆ.

ಗಂಟೆ ಹೊಡೆಯುವ ತನಕ ಬಾಗಿಲಲ್ಲೇ ಕಾದೆ. ಸಂತೋಷವಾಯಿತು. ಯಾಕೋ ಸ್ವಲ್ಪ ಚುಚ್ಚಿತು ಕೂಡ.

ಅದಾದ ಮೇಲೆ ಚಾಮರಾಜನಗರದಲ್ಲಿ ನಂಟರ ಮದುವೆ. ಊಟದ ಪಂಕ್ತಿಯಲ್ಲಿ ಅಪ್ಪನ ದಾಯಾದಿಯೊಬ್ಬ ಎಲ್ಲರಿಗೂ ಕೇಳುವಂತೆ, “ಒಡಹುಟ್ದವ್ನಿಗೆ ಒಂದ್ ತುತ್ತು ಹಾಕಕ್ಕಾಗ್ದೆ ಆಶ್ರಮಕ್ಕೆ ದೂಡ್ಬುಟ್ಟ ಕಣ್ಲಾ” ಎಂದ. ಅಪ್ಪ ಅರ್ಧ ಊಟಕ್ಕೇ ಎದ್ದ. ಕೈ ತೊಳೆಯುವ ಜಾಗದಲ್ಲಿ ನನ್ನ ಮುಖ ನೋಡದೆ, “ನನ್ ತಮ್ಮ ನನ್ ಮನೇಲಿರ್ಲಿ. ಓಗಿ ಕರ್ಕೊಬರನ” ಎಂದ.

ಬೇಡ ಎನ್ನಬಹುದಿತ್ತು. ಶೆಡ್ಡಿನಲ್ಲಿ ಚಿಕ್ಕಪ್ಪ ಹೇಗಿರುತ್ತಾನೆಂದು ನಮ್ಮ ಮನೆಯಲ್ಲಿ ಕಂಡವಳು ನಾನೊಬ್ಬಳೇ. ಕೇಂದ್ರದ ಮೇಡಂ ಕೂಡ, “ಮೊದಲು ಅವರನ್ನೇ ಒಂದು ಮಾತು ಕೇಳಿ” ಎಂದರು. ನಾವು ಕೇಳಲಿಲ್ಲ. ದೀಪಾವಳಿ ಹತ್ತಿರವಿತ್ತು. “ಹಬ್ಬಕ್ಕೆ ಊರಿಗೆ ಹೋಗನ ಬಾ ಚಿಕ್ಕಪ್ಪಾ” ಎಂದೆ. ಅವನು ಓಡಿಹೋಗಿ ತೂಕದಣ್ಣನಿಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

“ರಜ ಕಣಣ್ಣ. ಬತ್ತೀನಿ. ಮಿಷನ್ ಯಾರ್ಗೂ ಕೊಡ್ಬೇಡ.”

ಆದರೂ ಕಾರು ಗೇಟು ದಾಟಿದಾಗ ನನ್ನ ಮನಸ್ಸು ಹಗುರಾಯಿತು. ಇನ್ನು ಮೇಲೆ ಚಿಕ್ಕಪ್ಪನನ್ನು ಹೊರಗೆ ಹಾಕಿದವಳು ಎಂದು ನನ್ನನ್ನು ಯಾರೂ ಅನ್ನುವ ಹಾಗಿಲ್ಲ ಎಂಬ ನೆಮ್ಮದಿ ಅದು. ಇವತ್ತಿಗೂ ನನ್ನನ್ನು ಕೊರೆಯುವುದು ಆ ನೆಮ್ಮದಿಯೇ.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಚಿಕ್ಕಪ್ಪ ತಾನೇ ಸ್ನಾನ ಮಾಡಿ, ಟೋಪಿ ಹಾಕಿಕೊಂಡು ಬಸ್ ಸ್ಟಾಪಿಗೆ ಹೋಗಿ ನಿಂತನಂತೆ. ಅಪ್ಪ ಕರೆತಂದ. ಮರುದಿನವೂ ಹೋದ. “ನಾಳೆ ಓಗನ” ಎಂದು ಅಮ್ಮ ಸಮಾಧಾನ ಮಾಡುತ್ತಿದ್ದಳು. ನಾಳೆಗಳು ಮುಗಿಯಲಿಲ್ಲ.

ನನಗೆ ತಡೆಯದೆ ಒಂದು ಸೀಲಿಂಗ್ ಮಿಷನ್ನು, ಕವರು, ಅರಿಶಿನ ಪುಡಿ ಕೊಂಡುಕೊಂಡು ಊರಿಗೆ ಹೋದೆ. ಜಗುಲಿಯಲ್ಲಿ ಹರಡಿದೆ. ಚಿಕ್ಕಪ್ಪನ ಕಣ್ಣು ಅರಳಿತು. ಟೋಪಿ ತಂದು ಹಾಕಿಕೊಂಡು ಕೂತ. ನಾನು ತುಂಬಿಕೊಟ್ಟ ಕವರನ್ನು ಒತ್ತಿದ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅದನ್ನು ಹಿಡಿದುಕೊಂಡು ಪಕ್ಕಕ್ಕೆ ತಿರುಗಿದ. ಅಲ್ಲಿ ಗೋಡೆ ಇತ್ತು.

“ಯಾರ್ಗೆ ಕೊಡನಮ್ಮಿ?” ಎಂದ.

“ನಂಗೇ ಕೊಡು ಚಿಕ್ಕಪ್ಪಾ.”

ನನ್ನನ್ನೊಮ್ಮೆ ನೋಡಿದ. ಕವರನ್ನು ನೆಲದ ಮೇಲಿಟ್ಟು, ಟೋಪಿ ತೆಗೆದು ಮಡಿಸಿ ಜೇಬಿಗಿಟ್ಟುಕೊಂಡ. ಕಂಬಕ್ಕೆ ಒರಗಿ ಕೂತ. ಅಂದಿನಿಂದ ಬಸ್ ಸ್ಟಾಪಿಗೆ ಹೋಗುವುದನ್ನೂ ಬಿಟ್ಟ...

ಕೊನೆಗೆ ಅಪ್ಪನೇ, “ತಪ್ ಮಾಡ್ಬುಟ್ವೇನಮ್ಮಿ” ಎಂದ. ಮೇಡಂಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವನ ಜಾಗಕ್ಕೆ ಬೇರೊಬ್ಬರು ಬಂದಿದ್ದರು. ಖಾಲಿಯಾದ ಕೂಡಲೇ ತಿಳಿಸುತ್ತೇನೆ ಎಂದರು. ಅದಕ್ಕೂ ಮುಂಚೆಯೇ ಚಳಿಯಲ್ಲಿ ಚಿಕ್ಕಪ್ಪನಿಗೆ ಜ್ವರ ಹಿಡಿದು ನ್ಯುಮೋನಿಯಾಕ್ಕೆ ತಿರುಗಿತು. ಚಾಮರಾಜನಗರದ ಆಸ್ಪತ್ರೆಯಿಂದ ಅವನು ಮನೆಗೆ ಬರಲಿಲ್ಲ. ಕಾಯಿಲೆ ಯಾರಿಗಾದರೂ ಬರುತ್ತದೆ, ಇಲ್ಲದ್ದನ್ನು ತಲೆಗೆ ಹಚ್ಚಿಕೊಳ್ಳಬೇಡ ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು.

ಮೇಡಂಗೆ ಫೋನಿನಲ್ಲಿ ತಿಳಿಸಿದ್ದೆನೇ ಹೊರತು ಆ ಕಡೆ ಹೋಗುವ ಧೈರ್ಯ ಬಂದಿರಲಿಲ್ಲ. ಹೋದ ವಾರ ಬಸ್ಸಿಳಿದವಳು ಮನೆಗೆ ಹೋಗದೆ ಆಟೋ ಹತ್ತಿ ಅಲ್ಲಿಗೇ ಹೋದೆ. ಶೆಡ್ಡಿನಲ್ಲಿ ಕೆಲಸ ನಡೆದಿತ್ತು. ಮಿಷನ್ನಿನ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ತೂಕದಣ್ಣ ನನ್ನನ್ನು ಗುರುತು ಹಿಡಿದು ಕೈಯಲ್ಲಿದ್ದ ಚಮಚ ಕೆಳಗಿಟ್ಟ.

“ಮೇಡಂ ಯೋಳಿದ್ರು, ಓಗ್ಬುಟ್ನಂತೆ” ಎಂದ.

“ಹೂಂ ಅಣ್ಣ.”

ತಕ್ಕಡಿಯ ತಟ್ಟೆ ಒರೆಸುತ್ತಾ ಕೇಳಿದ: “ಊರಲ್ಲಿ ಅವನ್ಗೆ ಏನ್ ಕೆಲ್ಸ ಕೊಟ್ಟಿದ್ರಿ?”

“ಏನೂ ಇಲ್ಲಣ್ಣ. ಸುಮ್ನೆ ಕೂತಿರ್ತಿದ್ದ.”

“ಸುಮ್ನೇನಾ?”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆಷ್ಟೋ ಹಗುರಾಗುತ್ತಿತ್ತು. ಒಬ್ಬ ಮನುಷ್ಯನನ್ನು ಹಾಗೂ ಕೂರಿಸಿಡುತ್ತಾರೆಯೇ ಎಂದು ಅವನು ನಿಜಕ್ಕೂ ಕೇಳುತ್ತಿದ್ದ. ಹುಡುಗಿ ಕವರಿಗಾಗಿ ಕೈ ಚಾಚಿದಳು. ಅವನು ಅವಳ ಕಡೆ ತಿರುಗಿಕೊಂಡ.