ಸೆಮಿಕೋಲನ್ ಸಾಲುಗಳ ಕಾಕಾ

ನಿಮಗೂ ಹೀಗಾಗಿದೆಯಾ? ಏನೋ ಸುಧಾರಣೆ ಮಾಡಲು ಹೋಗಿ, ಇನ್ನೊಬ್ಬರು ವರ್ಷಗಟ್ಟಲೆ ಕೂಡಿಟ್ಟದ್ದನ್ನು ಒಂದೇ ಕ್ಲಿಕ್ಕಿಗೆ ಅಳಿಸಿದ್ದೀರಾ? ನಾನು ಅಳಿಸಿದ್ದೇನೆ.

ನಮ್ಮ ಕೆಲಸದ ಜಾಗದಲ್ಲಿ ಎಲ್ಲರೂ ಕಾಕಾ ಎನ್ನುತ್ತಿದ್ದ ಹಿರಿಯರ ಬಲಗೈಯ ಕಿರುಬೆರಳು ಅರ್ಧ ಇರಲಿಲ್ಲ. ಹರೆಯದಲ್ಲಿ ಕಂಪ್ರೆಸರಿನ ಬೆಲ್ಟು ಅದನ್ನು ನುಂಗಿತ್ತು. ಹಾಗಾಗಿ ಸೆಮಿಕೋಲನ್ ಒತ್ತಲು ತೋರುಬೆರಳನ್ನು ಮೇಲಿನಿಂದ ಟಕ್ಕನೆ ಇಳಿಸುತ್ತಿದ್ದರು. ಅವರ ಕೀಬೋರ್ಡಿನಲ್ಲಿ ಆ ಒಂದು ಕೀಲಿಯ ಗುರುತೇ ಸವೆದುಹೋಗಿತ್ತು.

ಮುಂಬೈಯ ಚೆಂಬೂರಿನಲ್ಲಿ ನಮ್ಮದು ಔಷಧ ಇಡುವ ಕೋಲ್ಡ್ ಸ್ಟೋರೇಜ್, ಆರು ಕೋಣೆ. ವಿಜಯಪುರದ ಕಡೆಯ ಕಾಕಾ ಮೆಕ್ಯಾನಿಕ್ ಆಗಿ ಸೇರಿ, ಕಂಪ್ಯೂಟರನ್ನೂ ತಾವೇ ಪಳಗಿಸಿಕೊಂಡವರು. ನಾನು ಸಾಫ್ಟ್‌ವೇರ್ ನೋಡುವವಳು, ಮುಂಬೈಯಲ್ಲೇ ಬೆಳೆದ ಮಂಗಳೂರಿನವರ ಮಗಳು. "ಏನವಾ ತಂಗಿ, ಪುಸ್ತಕ ಓದಿದಂಗ ಮಾತಾಡ್ತಿ," ಎಂದು ಕಾಡಿಸುತ್ತಿದ್ದರು.

ಯಾವ ಕೋಣೆಯನ್ನು ಎಷ್ಟು ಡಿಗ್ರಿಯಲ್ಲಿ ಇಡಬೇಕೆಂದು ಯಂತ್ರಕ್ಕೆ ಹೇಳುವ ಅಂಕಿಯೆಲ್ಲ ಒಂದು ಐಎನ್‌ಐ ಫೈಲಿನಲ್ಲಿತ್ತು. ನೋಟ್‌ಪ್ಯಾಡಿನಲ್ಲಿ ತೆರೆಯುವ ಸಾದಾ ಫೈಲು: ಚೌಕ ಕಂಸದೊಳಗೆ ಕೋಣೆಯ ಹೆಸರು, ಕೆಳಗೆ ಅದರ ಅಂಕಿ. ಸೆಮಿಕೋಲನ್‌ನಿಂದ ಶುರುವಾಗುವ ಸಾಲನ್ನು ಯಂತ್ರ ಓದುವುದಿಲ್ಲ. ಕಾಕಾ ಬರೆಯುತ್ತಿದ್ದುದೇ ಅಲ್ಲಿ. ಯಾವ ಬಾಗಿಲು ಸಡಿಲ, ಯಾವ ಸೆನ್ಸರ್ ಸುಳ್ಳು ಹೇಳುತ್ತದೆ, ಯಾವ ಅಂಕಿ ಯಾಕೆ, ಎಲ್ಲ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ.

"ಅಂಕಿ ಮಿಶೀನಿಗೆ, ಸೆಮಿಕೋಲನ್ ಸಾಲು ಮನಷ್ಯಾಗ," ಅನ್ನುತ್ತಿದ್ದರು.

ಕಾಕಾ ಆಸ್ಪತ್ರೆ ಸೇರಿದ ವಾರ, ಅಂಕಿ ಬದಲಿಸಲು ಸುಲಭದ ಸ್ಕ್ರೀನ್ ಮಾಡಿಕೊಡು ಎಂದರು ಮಾಲೀಕ ಸೇಠ್. ನಾನು ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಯಲ್ಲಿ ಅದಕ್ಕೆ ಸಿದ್ಧ ಸಾಮಾನೇ ಇದೆ. ಫೈಲ್ ಓದು, ಅಂಕಿ ಬದಲಿಸು, ಬರೆದಿಡು. ಇಪ್ಪತ್ತು ಸಾಲೂ ಆಗಲಿಲ್ಲ. ಸೇವ್ ಒತ್ತಿದೆ, ಆರೂ ಕೋಣೆಯ ಅಂಕಿ ಸರಿಯಾಗಿದ್ದವು. ಬೀಗಿದೆ.

ಕೆಲವು ದಿನಕ್ಕೆ ಹೊಸ ಟೆಕ್ನಿಷಿಯನ್ ಬಂದ. "ಮ್ಯಾಡಂ, ಹರ್ ರೂಮ್ ಮೇ ಅಲಗ್ ನಂಬರ್ ಕ್ಯೋಂ? ಸಬ್ ಪಾಂಚ್ ಕರ್ ದೂಂ?"

ಕೋಣೆಗೊಂದು ಅಂಕಿ ಯಾಕೆ ಎಂದು ಕೇಳುತ್ತಲೇ ಎಲ್ಲ ಕೋಣೆಗೂ ಐದು ಮಾಡಲು ಅವನ ಬೆರಳು ಆಗಲೇ ತಯಾರು. "ರುಕೋ, ಕಾಕಾ ನೇ ಲಿಖಾ ಹೈ," ಎಂದು ಅವನನ್ನು ತಡೆದು, ಕಾಕಾ ಬರೆದಿಟ್ಟ ಕಾರಣ ತೋರಿಸಲು ಫೈಲ್ ತೆರೆದೆ. ಬರೀ ಅಂಕಿ. ಕಾಕಾನ ಒಂದು ಸಾಲೂ ಇಲ್ಲ. ಆ ಪೈಥಾನ್ ಸಾಮಾನು ಸೆಮಿಕೋಲನ್ ಸಾಲುಗಳನ್ನು ಓದದೆ ಬಿಟ್ಟಿತ್ತು, ಓದದ್ದನ್ನು ಮತ್ತೆ ಬರೆಯಲೂ ಇಲ್ಲ. ಬ್ಯಾಕಪ್ಪು ದಿನಾ ಹಳೆಯದರ ಮೇಲೆಯೇ ಕೂರುತ್ತಿತ್ತು. ಅಲ್ಲೂ ಬೋಳು. ತೆರೆಯುವ ಮೊದಲು ಒಂದು ಕಾಪಿ ಇಡು ಎಂದು ಕಾಕಾ ನೂರು ಸಲ ಹೇಳಿದ್ದರು.

"ಕುಛ್ ಮತ್ ಛೂನಾ," ಏನೂ ಮುಟ್ಟಬೇಡ ಎಂದು ಅವನಿಗೆ ಗದರಿಸಿ ಓಡಿದೆ. ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ ಮಾಟುಂಗದ ಆಸ್ಪತ್ರೆಗೆ. ಸೀಟಿದ್ದರೂ ಕೂರಲಾಗಲಿಲ್ಲ. ಎದುರು ಕೂತ ಹೆಂಗಸು ಎರಡು ಸಲ ಜಾಗ ತೋರಿಸಿ ಕಿಟಕಿಯತ್ತ ತಿರುಗಿದಳು.

"ಕಾಕಾ, ನಿಮ್ಮ ಸಾಲುಗಳೆಲ್ಲ ಹೋದವು. ನಾನೇ ಅಳಿಸಿದೆ."

ಬೈಯುತ್ತಾರೆ ಅಂದುಕೊಂಡಿದ್ದೆ. "ಬರಿಯಾಕ ಪೆನ್ನರ ತಂದಿ ಇಲ್ಲೋ?" ಅಂದರು.

ಕಣ್ಣು ಮುಚ್ಚಿ ಒಂದೊಂದೇ ಕೋಣೆ ಹೊಕ್ಕು ಬಂದರು. "ನಾಕನೇದರ ಸೆನ್ಸರ್ ಎರಡು ಡಿಗ್ರಿ ಜಾಸ್ತಿ ತೋರಸ್ತೈತಿ. ಅಲ್ಲಿ ಏಳಂದ್ರ ಖರೇ ಐದು. ಅದನ್ನ ಐದು ಮಾಡಿದ್ರ ಖರೇ ಮೂರಕ್ಕ ಇಳದು, ಫ್ಯಾನಿನ ಮುಂದಿನ ಇನ್ಸುಲಿನ್ ಬರ್ಫ್ ಆಗಿ ಕೆಡತೈತಿ. ಯಾರ ಮನಿ ಕೂಸೋ ಅದನ್ನ ಚುಚ್ಚಿಸ್ಕೋತೈತಿ, ತಂಗಿ."

ಐದು ಕೋಣೆಯ ಮಾತು ಬರೆದುಕೊಂಡೆ. "ಎರಡನೇದು, ಕಾಕಾ?"

ಅರ್ಧ ಬೆರಳು ಹೊದಿಕೆಯ ಮೇಲೆ ಬಹಳ ಹೊತ್ತು ಉಜ್ಜಾಡಿತು. "ಅಲ್ಲಿ ನಾಕು ಇಟ್ಟೇನಿ. ಯಾಕ... ನೆನಪಾಗವಲ್ದು. ನಾಳೆ ಬಾ, ಹೇಳ್ತೇನಿ."

ಮರುದಿನ ಹೋದೆ. ಕಾಕಾ ಐಸಿಯುನಲ್ಲಿದ್ದರು. ಅಲ್ಲಿಂದ ಅವರು ಹೊರಗೆ ಬರಲಿಲ್ಲ.

ಈಗ ನನ್ನ ಪ್ರೋಗ್ರಾಂ ಬೇಕಾದ ಸಾಲನ್ನಷ್ಟೇ ಬದಲಿಸುತ್ತದೆ, ಅದೂ ಮೊದಲು ಕಾಪಿ ಇಟ್ಟು. ಎರಡನೇ ಕೋಣೆಯಲ್ಲಿ ಇನ್ನೂ ನಾಲ್ಕೇ ಇದೆ. ಬಾಗಿಲು, ಸೆನ್ಸರ್, ಫ್ಯಾನ್ ಎಲ್ಲ ಹುಡುಕಿದೆ, ಕಾರಣ ಸಿಗಲಿಲ್ಲ. ಫೈಲ್ ತೆರೆದಾಗಲೆಲ್ಲ ಐದು ಮಾಡಿಬಿಡೋಣ ಎಂದು ಕೈ ಚಡಪಡಿಸುತ್ತದೆ. ಮಾಡುವುದಿಲ್ಲ. ಅದರ ಮೇಲೆ ಸೆಮಿಕೋಲನ್ ಹಾಕಿ ಬರೆದಿದ್ದೇನೆ: "ಯಾಕೆ ನಾಲ್ಕು ಎಂದು ಕಾಕಾಗೆ ಗೊತ್ತಿತ್ತು. ಕೇಳಲು ನಾನು ತಡ ಮಾಡಿದೆ. ಮುಟ್ಟಬೇಡಿ."

ನೀವೂ ಯಾರದೋ ಬರಹ ಹೀಗೆ ಅಳಿಸಿದ್ದರೆ ಕೆಳಗೆ ಕಾಮೆಂಟಿನಲ್ಲಿ ಹೇಳಿ, ನಾಚಿಕೆ ಬೇಡ, ಮೊದಲು ನಾನೇ ಹೇಳಿದ್ದೇನಲ್ಲ. ಬರೆದವರು ಇನ್ನೂ ಇದ್ದರೆ ಮಾತ್ರ, ಇಲ್ಲಿ ಬರೆಯುವ ಮೊದಲು ಅವರ ಹತ್ತಿರ ಹೋಗಿ ಬನ್ನಿ. ಇವತ್ತೇ.