ಲಾರಿಯಲ್ಲಿ ಅಮ್ಮನ ಮೊದಲ ಸವಾರಿ

ನೋಡ್ರಪ್ಪ, ನಾನು ಲಾರಿ ಓಡಿಸಲು ಶುರುಮಾಡಿ ಇನ್ನೂ ವಾರವಾಗಿಲ್ಲ, ಇವತ್ತು ಇಡೀ ಬೀದಿಯ ಕೈಲಿ ಅದನ್ನು ತಳ್ಳಿಸಿದೆ. ಶಿಡ್ಲಘಟ್ಟದಲ್ಲಿ ಲೋಡ್ ಇಳಿಸಿದ ಮೇಲೆ, ಅಮ್ಮನಿಗೆ ತೋರಿಸೋಣವೆಂದು ಖಾಲಿ ಲಾರಿಯನ್ನು ಪಕ್ಕದಲ್ಲೇ ಇರುವ ನಮ್ಮೂರಿಗೆ ತಿರುಗಿಸಿದೆ. ಕ್ಯಾಸೆಟ್ ಹಾಡು ಜೋರಾಗಿ ಹಾಕಿಕೊಂಡು ಮನೆ ಬಾಗಿಲವರೆಗೂ ನುಗ್ಗಿಸಿದೆ. ಅಮ್ಮ ಟೈರಿಗೆ ಕುಂಕುಮ ಇಡುತ್ತಿದ್ದಾಗ ಪಕ್ಕದ ಮನೆಯ ಮುನಿಯಕ್ಕ ಓಡಿ ಬಂದರು. ಗೋಡೆಯುದ್ದಕ್ಕೂ ಒರಗಿಸಿದ್ದ ಬಿದಿರಿನ ಚಂದ್ರಿಕೆಗಳಲ್ಲಿ ಅವರ ರೇಷ್ಮೆಹುಳಗಳು ಆಗತಾನೆ ಗೂಡು ಕಟ್ಟತೊಡಗಿದ್ದವು.

“ಮೊದಲು ಇಂಜಿನ್ ಆಫ್ ಮಾಡಪ್ಪ. ಈ ಹೊಗೆ ಕುಡಿದ್ರೆ ಹುಳ ಗೂಡು ಕಟ್ಟತ್ತಾ?”

ಆಫ್ ಮಾಡಿದೆ. ಮುಂದೆ ಗೋಡೆ, ತಿರುಗಿಸಲು ಜಾಗವಿಲ್ಲ. ಸ್ಟಾರ್ಟ್ ಮಾಡಿದರೆ ಮತ್ತೆ ಹೊಗೆ. ‘ಒಳಗೆ ಹೋಗೋ ಮುಂಚೆ ಆಚೆ ಬರೋ ದಾರಿ ನೋಡ್ಕೊ’ ಎಂದು ಲಾರಿ ಕಲಿಸಿದ ಸಾಬರು ದಿನಾ ಹೇಳುತ್ತಿದ್ದದ್ದು ಆಗ ನೆನಪಾಯಿತು.

“ಬನ್ರೋ, ತಳ್ಳಣ” ಎಂದು ಮುನಿಯಕ್ಕನೇ ಬೀದಿಯವರನ್ನು ಕರೆದರು. ನಾನು ಸ್ಟೇರಿಂಗ್ ಹಿಡಿದು ಕೂತೆ. ಅಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಪಕ್ಕದ ಸೀಟಿಗೆ ಹತ್ತಿಬಿಟ್ಟಳು.

“ಇಳಿಯಮ್ಮ, ತಳ್ಳೋರಿಗೆ ಭಾರ.”

“ಮಗನ ಲಾರೀಲಿ ನಾನು ಇನ್ಯಾವಾಗ ಕೂತ್ಕೊಳ್ಳೋದು?”

ಹಿಂದಹಿಂದಕ್ಕೆ, ಸದ್ದಿಲ್ಲದೆ, ಅರಳಿಕಟ್ಟೆಯವರೆಗೆ ಬಂದೆವು. ಒಂದು ಚಂದ್ರಿಕೆಯೂ ಅಲುಗಲಿಲ್ಲ. ಇಳಿಯುವ ಮುಂಚೆ ಅಮ್ಮ ನನ್ನ ತಲೆ ನೇವರಿಸಿದಳು.

“ಚೆನ್ನಾಗಿ ಓಡಿಸ್ತೀಯ ಕಣಪ್ಪ. ಒಂಚೂರೂ ಕುಲುಕ್ಲಿಲ್ಲ.”

ಹೊರಗೆ ಬೀದಿಯವರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರು. ಆ ಹೊಗಳಿಕೆಯಲ್ಲಿ ಅವರಿಗೆ ಪಾಲು ಕೊಡಲು ಮಾತ್ರ ನನಗೆ ಮನಸ್ಸು ಬರಲಿಲ್ಲ.