ಗೇಟಿನ ಹೊರಗೆ ಕೂತ ಅಪ್ಪಂದಿರು

ನನ್ನ ಮಗಳು ಹೊಸೂರಿನ ಕನ್ನಡ ಮೀಡಿಯಂ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಅಲ್ಲಿ ಪೋಷಕರ ಸಭೆ ಎಂದರೆ ತಾಯಂದಿರ ಸಭೆ. ಅಪ್ಪಂದಿರು ಹೆಂಡತಿಯನ್ನು ಗೇಟಿನ ತನಕ ಬೈಕಿನಲ್ಲಿ ತಂದು ಬಿಟ್ಟು, ಎದುರಿನ ಹುಣಸೆ ಮರದ ನೆರಳಲ್ಲಿ ಗಾಡಿ ಮೇಲೇ ಕೂತು ಫೋನು ನೋಡುತ್ತಾರೆ. ನನ್ನ ಗಂಡ ಮಾತ್ರ ಒಳಗೆ ಬರುತ್ತಿದ್ದರು. ಶಿಫ್ಟು ಮುಗಿಸಿ ಫ್ಯಾಕ್ಟರಿ ಯೂನಿಫಾರ್ಮಿನಲ್ಲೇ ಬಂದು, ಹೆಂಗಸರ ಮಧ್ಯೆ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರುತ್ತಿದ್ದರು. ಮೇಷ್ಟ್ರು ಮಾರ್ಕು ಓದಲು ಶುರು ಮಾಡಿದರೆ, "ಮಾರ್ಕು ಆಮೇಲೆ ಹೇಳಿ ಸಾ. ಅವ್ಳಿಗೆ ಏನು ಅರ್ಥ ಆಗಿಲ್ಲ, ಅದ್ನ ಹೇಳಿ" ಎನ್ನುತ್ತಿದ್ದರು.

ಮರದ ಕೆಳಗಿನವರಿಗೆ ಅದು ತಮಾಷೆ. "ಏನ್ಲಾ, ಸೀರೆ ಉಟ್ಕಂಡು ಬರಾದು ಮರ್ತ್‌ಬುಟ್ಯಾ?" ಎಂದು ಒಬ್ಬ ಕೂಗಿದ.

"ಉಟ್ಕಂಡೇ ಬತ್ತೀನಿ. ಮೊದ್ಲು ನಿನ್ ಮಗ ಎಷ್ಟ್ನೇ ಕ್ಲಾಸು ಹೇಳ್ಲಾ" ಅಂದರು ಇವರು.

ಅವನು ಹೆಂಡತಿ ಬರುವ ದಾರಿ ನೋಡಿದ. ಎಲ್ಲರೂ ನಕ್ಕರು.

ಈ ವರ್ಷ ಅವರು ಹೋದರು. ಎದೆ ನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ತಿಥಿಯ ಊಟದ ಎಲೆ ಎತ್ತುವ ಮೊದಲೇ ಅವರ ಅಣ್ಣ, ನನ್ನ ಭಾವ, ಮಾತು ತೆಗೆದರು. "ಅಪ್ಪ ಇಲ್ದಿರೋ ಹೆಣ್‌ಮಗ. ರಾಯಕೋಟೆಯಿಂದ ಹೊಸೂರಿಗೆ ದಿನಾ ಬಸ್ನಾಗೆ ಯಾಕಮ್ಮ? ಓದಿದ್ದು ಸಾಕು. ಟೀಸಿ ಈಸ್ಕಂಡು ಮನೇಲಿರ್ಲಿ."

ಮಜ್ಜಿಗೆ ಬಡಿಸುತ್ತಿದ್ದ ಮಗಳ ಕೈ ನಿಂತಿತು. ಕೂತಿದ್ದ ಗಂಡಸರೆಲ್ಲ ತಲೆಯಾಡಿಸಿದರು. ತಮ್ಮ ಮಕ್ಕಳ ಪುಸ್ತಕವನ್ನು ಒಂದು ದಿನವೂ ತೆರೆದು ನೋಡಿದವರಲ್ಲ ಇವರು. ಅಪ್ಪ ಬದುಕಿದ್ದಾಗ ಶಾಲೆಗೆ ಹೋದರೆ ನಗೆಪಾಟಲು, ಸತ್ತ ಮೇಲೆ ಅಪ್ಪನಿಲ್ಲದೆ ಓದೇ ಇಲ್ಲವೇ? ಮಗಳ ಕೈಯಿಂದ ಸೌಟು ತೆಗೆದುಕೊಂಡು ಉಳಿದ ಎಲೆಗಳಿಗೆ ನಾನೇ ಮಜ್ಜಿಗೆ ಬಡಿಸಿದೆ.

ಮುಂದಿನ ಸಭೆಗೆ ಭಾವನೇ ಬೈಕಿನಲ್ಲಿ ಕರೆತಂದರು. ಗೇಟಿನಲ್ಲಿ ನನ್ನನ್ನು ಇಳಿಸಿ ಮರದ ಕೆಳಗೆ ಗಾಡಿ ನಿಲ್ಲಿಸಿದರು. "ಹೋಗಿ ಟೀಸಿ ಕೇಳ್ಕಂಡ್ ಬಾ. ನಾನಿಲ್ಲೇ ಇರ್ತೀನಿ."

ಒಳಗೆ ಹೆಡ್‌ಮಾಸ್ಟರು, "ಗಂಡಸ್ರು ಯಾರೂ ಬರ್ಲಿಲ್ವೇನಮ್ಮ?" ಎಂದರು.

"ಗಂಡಸ್ರೆಲ್ಲ ಹೊರಗೆ ಗಾಡಿ ಮೇಲವ್ರೆ ಸಾ. ಯಾವಾಗ್ಲೂ ಅಲ್ಲೇ ಇದ್ರು. ನೀವು ಯಾವತ್ತೂ ಕೇಳ್ಲಿಲ್ಲ."

ಅವರು ಮೇಜಿನ ಮೇಲಿನ ಪೆನ್ನು ಸರಿಸಿದರು. ನಾನು ಹೋಗಿ ನನ್ನ ಗಂಡ ಕೂರುತ್ತಿದ್ದ ಬೆಂಚಿನಲ್ಲಿ ಕೂತೆ. ಲೆಕ್ಕದ ಮೇಷ್ಟ್ರು ಮಾರ್ಕು ಓದುವ ಮೊದಲೇ, ಅವಳಿಗೆ ಏನು ಅರ್ಥವಾಗಿಲ್ಲ ಎಂದು ಕೇಳಿದೆ. "ಬೀಜಗಣಿತ. ಶನಿವಾರ ಕಳ್ಸಿ, ಹೇಳ್ಕೊಡ್ತೀನಿ" ಅಂದರು.

ಹೊರಗೆ ಬಂದಾಗ ಭಾವ ಕಿಕ್ ಹೊಡೆಯಲು ಸಿದ್ಧರಾಗಿದ್ದರು. "ಟೀಸಿ ಕೊಟ್ರಾ?"

"ನಾನು ಕೇಳ್ಲಿಲ್ಲ. ನಿಮ್ಗೆ ಬೇಕಾದ್ರೆ ಒಳೀಕ್ ಹೋಗಿ ಕೇಳಿ ಭಾವ. ಅವ್ಳು ಎಷ್ಟ್ನೇ ಕ್ಲಾಸು ಅಂತ ಹೇಳ್ಬೇಕಾಯ್ತದೆ."

ಭಾವ ಹೆಲ್ಮೆಟ್ ಹಾಕಿಕೊಂಡರು. ನಾನು ಬೈಕು ಹತ್ತದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಶನಿವಾರದ ವಿಷಯ ಮಗಳಿಗೆ ಹೇಳಬೇಕಿತ್ತು.